ಅತಿವಾಹಕ ಟೇಪು ಕೊಳ್ಳುವ ಮುನ್ನ: ದಾವಣಗೆರೆಯ ಒಂದು ಪ್ರಯೋಗಾಲಯದಿಂದ ವಿಮರ್ಶೆ

ದಾವಣಗೆರೆಯ ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯಕ್ಕೆ ಇತ್ತೀಚೆಗೆ ತರಿಸಿದ ಸಾಮಗ್ರಿಗಳ ಪೈಕಿ ಅತ್ಯಂತ ತೆಳುವಾದದ್ದೂ, ತೂಕದ ಲೆಕ್ಕದಲ್ಲಿ ಅತ್ಯಂತ ದುಬಾರಿಯಾದದ್ದೂ ಒಂದೇ ವಸ್ತು: ಎರಡನೆಯ ತಲೆಮಾರಿನ ಅತಿವಾಹಕ ಟೇಪು. ಅತಿವಾಹಕವೆಂದರೆ ಸಾಕಷ್ಟು ತಣ್ಣಗಾದಾಗ ವಿದ್ಯುತ್ತಿಗೆ ರೋಧವನ್ನೇ ಒಡ್ಡದ ವಸ್ತು; ಲೋಹದ ಹಾಳೆಯ ಮೇಲೆ ಅದನ್ನು ತೆಳು ಪದರವಾಗಿ ಬೆಳೆಸಿದ ಟೇಪಿಗೆ ಎರಡನೆಯ ತಲೆಮಾರಿನದು ಎನ್ನುತ್ತಾರೆ. ಅಗಲ 4 ಮಿ.ಮೀ., ದಪ್ಪ ಹೆಚ್ಚುಕಡಿಮೆ 0.1 ಮಿ.ಮೀ., ಎರಡೂ ಮುಖಕ್ಕೆ ತಾಮ್ರದ ಲೇಪ. ಗೊತ್ತಿಲ್ಲದವರು ನೋಡಿದರೆ ಟ್ರಾನ್ಸ್‌ಫಾರ್ಮರ್ ಸುತ್ತುವವರ ಅಂಗಡಿಯಲ್ಲಿ ಸಿಗುವ ತಾಮ್ರದ ಪಟ್ಟಿ ಎಂದೇ ಎತ್ತಿಡುತ್ತಾರೆ. ಆದರೆ ದ್ರವ ಸಾರಜನಕದಲ್ಲಿ ಮುಳುಗಿಸಿದರೆ ಇದೇ ಪಟ್ಟಿ ನೂರು ಆಂಪಿಯರ್‌ಗೂ ಮಿಕ್ಕ ವಿದ್ಯುತ್ತನ್ನು, ಸಾಮಾನ್ಯ ಮೀಟರಿಗೆ ಕಾಣದಷ್ಟು ಕಡಿಮೆ ನಷ್ಟದಲ್ಲಿ ಸಾಗಿಸುತ್ತದೆ. ಮನೆಯ ಪ್ಲಗ್ ಪಾಯಿಂಟಿಗೆ ಎಳೆಯುವ 2.5 ಚದರ ಮಿ.ಮೀ.ನ ತಾಮ್ರದ ತಂತಿ 20 ಆಂಪಿಯರ್ ಆಸುಪಾಸಿಗೇ ದಣಿಯುತ್ತದೆ. ಅಂದರೆ ಪ್ರತಿ ಚದರ ಮಿ.ಮೀ.ಗೆ 8 ಆಂಪಿಯರ್. ಟೇಪಿನೊಳಗೆ ನಿಜವಾಗಿ ಕೆಲಸ ಮಾಡುವ ಪದರದ ದಪ್ಪ 1.5 ಮೈಕ್ರೋಮೀಟರ್ ಎಂದಿಟ್ಟುಕೊಂಡು, 120 ಆಂಪಿಯರ್ ಹರಿಸಿದಾಗ ಇದೇ ಲೆಕ್ಕ ಹಾಕಿದರೆ ಪ್ರತಿ ಚದರ ಮಿ.ಮೀ.ಗೆ 20,000 ಆಂಪಿಯರ್ ಬರುತ್ತದೆ.

ಟೇಪು ಕೊಟ್ಟ ಹಣಕ್ಕೆ ಮೋಸವಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ತಕರಾರಿರುವುದು ಅದರೊಂದಿಗೆ ಬರುವ ಮಾಹಿತಿ ಪತ್ರದ ಬಗ್ಗೆ. ಈ ಟೇಪಿನ ಗುಣವನ್ನು ತೀರ್ಮಾನಿಸುವುದು ಅದರೊಳಗಿನ ಹರಳುಕಣಗಳು ಒಂದಕ್ಕೊಂದು ಎಷ್ಟು ನೇರವಾಗಿ ಕೂತಿವೆ ಎಂಬ ಸಂಗತಿ. ಪತ್ರದಲ್ಲಿ ಇಲ್ಲದಿರುವುದೂ ಅದೇ. ನಮ್ಮ ಭಾಗದ ಬೇರೆ ಕಾಲೇಜುಗಳೂ ಇಂಥ ಟೇಪು ತರಿಸುವ ಯೋಚನೆಯಲ್ಲಿರುವುದರಿಂದ, ಯಾವ ಸಂಖ್ಯೆಯನ್ನು ನೋಡಿ ಕೊಳ್ಳಬೇಕು, ಯಾವುದಕ್ಕೆ ಮರುಳಾಗಬಾರದು ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುವುದು ಒಳ್ಳೆಯದೆನಿಸಿತು.

ಟೇಪಿನ ಅಡ್ಡಕೊಯ್ತವನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋದರೆ ಮೊದಲು ಸಿಗುವುದು ಹ್ಯಾಸ್ಟಲಾಯ್ ಸಿ-276 ಎಂಬ ನಿಕಲ್ ಮಿಶ್ರಲೋಹದ ಹಾಳೆ. ಟೇಪಿಗೆ ಬಲ ಕೊಡುವುದು ಇದೇ. ದಪ್ಪ ಸಾಮಾನ್ಯವಾಗಿ 30ರಿಂದ 100 ಮೈಕ್ರೋಮೀಟರ್. ಅದರ ಮೇಲೆ ಅಲ್ಯೂಮಿನಾ, ಇಟ್ರಿಯಾ, ಮೆಗ್ನೀಸಿಯಂ ಆಕ್ಸೈಡ್ ಮುಂತಾದವುಗಳ ಬಫರ್ ಪದರಗಳು, ಅಂದರೆ ಲೋಹಕ್ಕೂ ಅತಿವಾಹಕಕ್ಕೂ ನಡುವಿನ ತೆಳು ಪದರಗಳು. ಅವುಗಳ ಮೇಲೆ ಇಟ್ರಿಯಂ ಅಥವಾ ಗ್ಯಾಡೊಲಿನಿಯಂನಂಥ ಧಾತು, ಬೇರಿಯಂ, ತಾಮ್ರ ಮತ್ತು ಆಮ್ಲಜನಕ ಸೇರಿದ ಅತಿವಾಹಕ ಪದರ, ಒಂದೆರಡು ಮೈಕ್ರೋಮೀಟರ್. ಅದಕ್ಕೆ ಬೆಳ್ಳಿಯ ತೆಳು ಹೊದಿಕೆ, ಕೊನೆಗೆ ಸುತ್ತಲೂ ತಾಮ್ರ. ಟೇಪಿನ ದಪ್ಪದಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ಅತಿವಾಹಕ. ಉಳಿದದ್ದೆಲ್ಲ ಅದಕ್ಕೆ ನೆಲ, ಗೋಡೆ ಮತ್ತು ಮಾಡು. ಇಷ್ಟೊಂದು ಪದರಗಳ ಗೊಡವೆ ಏಕೆ, ಸಂಯುಕ್ತದ ಪುಡಿಯನ್ನೇ ತಂತಿಯಾಗಿ ಎಳೆದರೆ ಆಗದೇ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳು ಪ್ರತಿ ಬಾರಿಯೂ ಕೇಳುತ್ತಾರೆ. ಅದಕ್ಕೆ ಉತ್ತರ ಹುಡುಕಲು ಹೋದರೆ ಟೇಪಿನ ಬೆಲೆ ಏಕೆ ಹೀಗಿದೆ ಎಂಬುದೂ ತಿಳಿಯುತ್ತದೆ.

1986ರಲ್ಲಿ ಬೆಡ್‌ನೋರ್ಜ್ ಮತ್ತು ಮುಲ್ಲರ್ ತಾಮ್ರದ ಆಕ್ಸೈಡುಗಳಲ್ಲಿ ಅತಿವಾಹಕತೆಯನ್ನು ಕಂಡರು. ಮರುವರ್ಷವೇ ಅವರಿಗೆ ನೊಬೆಲ್ ಬಂತು. ಅದೇ 1987ರಲ್ಲಿ ಇಟ್ರಿಯಂ ಸಂಯುಕ್ತದಲ್ಲಿ ಅತಿವಾಹಕತೆ ಮೂಡುವ ತಾಪ 90 ಕೆಲ್ವಿನ್ ದಾಟಿ, ದ್ರವ ಸಾರಜನಕದ 77 ಕೆಲ್ವಿನ್ (ಸುಮಾರು ಮೈನಸ್ 196 ಡಿಗ್ರಿ ಸೆಲ್ಸಿಯಸ್) ಸಾಕು ಎಂದಾದಾಗ ವಿದ್ಯುತ್ ತಂತಿಗಳೆಲ್ಲ ನಾಳೆಯೇ ಬದಲಾಗುತ್ತವೆ ಎಂಬ ಉತ್ಸಾಹವಿತ್ತು. ಆದರೆ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ ಬಿಲ್ಲೆಗಳು ಅಯಸ್ಕಾಂತವನ್ನು ತೇಲಿಸಿದವೇ ಹೊರತು ಹೇಳಿಕೊಳ್ಳುವಷ್ಟು ವಿದ್ಯುತ್ತನ್ನು ಹೊರಲಿಲ್ಲ. ಹರಳಿನ ಒಳಗೆ ವಿದ್ಯುತ್ತು ಸಲೀಸಾಗಿ ಹರಿಯುತ್ತಿತ್ತು; ಒಂದು ಹರಳುಕಣ ಮುಗಿದು ಇನ್ನೊಂದು ಶುರುವಾಗುವ ಗಡಿಯಲ್ಲಿ ಅದು ತಡವರಿಸುತ್ತಿತ್ತು. ಇದನ್ನು ಅನುಮಾನಕ್ಕೆಡೆಯಿಲ್ಲದಂತೆ ತೋರಿಸಿದವರು ಐಬಿಎಂನ ವಾಟ್ಸನ್ ಸಂಶೋಧನಾ ಕೇಂದ್ರದ ಡಿಮೋಸ್, ಚೌಧರಿ, ಮ್ಯಾನ್‌ಹಾರ್ಟ್ ಮತ್ತು ಲೆಗೂಸ್. 1988ರಲ್ಲಿ ಅವರು ಗೊತ್ತಾದ ಕೋನದಲ್ಲಿ ಬೆಸೆದ ಜೋಡಿ ಹರಳಿನ ಮೇಲೆ ಅತಿವಾಹಕ ಪದರವನ್ನು ಬೆಳೆಸಿ, ಕಣದ ಒಳಗೆ ಹರಿಯುವ ವಿದ್ಯುತ್ತನ್ನೂ ಗಡಿಯನ್ನು ದಾಟುವ ವಿದ್ಯುತ್ತನ್ನೂ ಬೇರೆಬೇರೆಯಾಗಿ ಅಳೆದರು. ಅಲ್ಲಿಂದ ಮುಂದೆ ಹಲವರು ಮಾಡಿದ ಇಂಥ ಅಳತೆಗಳಿಂದ ದೊರೆತ ನಿಯಮ ಸರಳವೂ ಹೌದು, ಕಠೋರವೂ ಹೌದು. ಅಕ್ಕಪಕ್ಕದ ಕಣಗಳ ನಡುವಿನ ಓರೆ ಮೂರ್ನಾಲ್ಕು ಡಿಗ್ರಿಯ ಒಳಗಿದ್ದರೆ ಅಷ್ಟೇನೂ ತೊಂದರೆಯಿಲ್ಲ. ಅದನ್ನು ಮೀರಿದ ಮೇಲೆ ಓರೆ 10 ಡಿಗ್ರಿ ಹೆಚ್ಚಿದಾಗಲೆಲ್ಲ ಗಡಿ ದಾಟಬಲ್ಲ ವಿದ್ಯುತ್ತು ಸುಮಾರು ಹತ್ತುಪಟ್ಟು ಇಳಿಯುತ್ತದೆ.

ಇಷ್ಟು ಸಣ್ಣ ಓರೆಗೆ ಇಷ್ಟು ದೊಡ್ಡ ದಂಡ ಏಕೆ ಎಂಬುದನ್ನು ವಿವರಿಸಲು ಒಂದು ಸಣ್ಣ ಲೆಕ್ಕ ನೆರವಾಗುತ್ತದೆ. ಎರಡು ಹರಳುಗಳು ಸ್ವಲ್ಪ ಓರೆಯಾಗಿ ಸೇರುವಲ್ಲಿ ಪರಮಾಣುಗಳ ಸಾಲುಗಳು ಅಲ್ಲಲ್ಲಿ ತುಂಡಾಗಿ ನಿಲ್ಲುತ್ತವೆ. ಇವನ್ನು ಸ್ಥಾನಪಲ್ಲಟಗಳು ಎನ್ನುತ್ತಾರೆ. ಪರಮಾಣು ಜಾಲದ ಒಂದು ಮನೆಯ ಅಳತೆ 0.39 ನ್ಯಾನೋಮೀಟರ್ ಎಂದು ಹಿಡಿದರೆ, 2 ಡಿಗ್ರಿ ಓರೆಯಲ್ಲಿ ಇಂಥ ದೋಷಗಳ ನಡುವಿನ ಅಂತರ ಸುಮಾರು 11 ನ್ಯಾನೋಮೀಟರ್, 5 ಡಿಗ್ರಿಯಲ್ಲಿ 4.5, 10 ಡಿಗ್ರಿಯಲ್ಲಿ 2.2. ಪ್ರತಿಯೊಂದು ದೋಷದ ಸುತ್ತಲೂ ಹರಳು ಹಿಗ್ಗಿ ಕುಗ್ಗಿ, ಅಲ್ಲಿನ ಅತಿವಾಹಕತೆ ಸತ್ತಿರುತ್ತದೆ. ಈ ಸತ್ತ ಜಾಗಗಳ ನಡುವೆ ಉಳಿಯುವ ಸಂದುಗಳಲ್ಲಿ, ಅತಿವಾಹಕದಲ್ಲಿ ವಿದ್ಯುತ್ತನ್ನು ಹೊರುವ ಎಲೆಕ್ಟ್ರಾನ್ ಜೋಡಿಗಳು ನುಸುಳಬೇಕು. ಈ ವಸ್ತುವಿನಲ್ಲಿ ಜೋಡಿಯೊಂದರ ಹರವು ಹರಳಿನೊಳಗಿನ ತಾಮ್ರ-ಆಮ್ಲಜನಕದ ಪರಮಾಣು ಪದರದ ಉದ್ದಕ್ಕೆ ಬರೀ 1.5 ನ್ಯಾನೋಮೀಟರ್ ಆಸುಪಾಸಿನದು. ಹಾಗಾಗಿ ಸಂದು 2 ನ್ಯಾನೋಮೀಟರಿಗೆ ಬಂದಿತೆಂದರೆ ದಾರಿ ಬಹುಮಟ್ಟಿಗೆ ಮುಚ್ಚಿದಂತೆಯೇ. ಇದರ ಜೊತೆಗೆ ಗಡಿಯ ಬಳಿ ಆಮ್ಲಜನಕ ಕಡಿಮೆಯಾಗಿ, ವಿದ್ಯುತ್ತನ್ನು ಹೊರುವ ವಾಹಕ ಕಣಗಳ ಬರಗಾಲವೂ ಬೀಳುತ್ತದೆ. ಜೋಡಿಗಳ ಅಲೆಗೆ ದಿಕ್ಕಿನಿಂದ ದಿಕ್ಕಿಗೆ ಚಿಹ್ನೆ ಬದಲಾಗುವ ಸ್ವಭಾವ ಇರುವುದರಿಂದ, ಓರೆ ಹೆಚ್ಚಾದಂತೆ ಎರಡು ಬದಿಯ ಅಲೆಗಳೂ ಹೊಂದುವುದಿಲ್ಲ. ಹಳೆಯ ಅತಿವಾಹಕವಾದ ನಯೋಬಿಯಂ-ತವರದ ತಂತಿಗಳಲ್ಲಿ ಇದೇ ಕಣಗಡಿಗಳು ಉಪಕಾರಿ, ಅವು ಕಾಂತಸುಳಿಗಳನ್ನು (ಅತಿವಾಹಕದೊಳಗೆ ನುಗ್ಗುವ ಕಾಂತಕ್ಷೇತ್ರದ ಎಳೆಗಳು, ಇವು ಜಾರಿದರೆ ನಷ್ಟ) ಹಿಡಿದು ನಿಲ್ಲಿಸುತ್ತವೆ, ಕಣಗಳು ಸಣ್ಣದಾದಷ್ಟೂ ಒಳ್ಳೆಯದು. ಅಲ್ಲಿ ಕಲಿತ ಪಾಠವನ್ನು ಇಲ್ಲಿಗೆ ತಂದವರಿಗೆ ನಿರಾಶೆಯಾದದ್ದು ಸಹಜ.

ಗಡಿಯನ್ನೇ ದುರಸ್ತಿ ಮಾಡುವ ಪ್ರಯತ್ನಗಳೂ ನಡೆದಿವೆ. ಇಟ್ರಿಯಂ ಜಾಗದಲ್ಲಿ ಸ್ವಲ್ಪ ಕ್ಯಾಲ್ಸಿಯಂ ಸೇರಿಸಿದರೆ ಗಡಿಯಲ್ಲಿ ವಾಹಕ ಕಣಗಳ ಕೊರತೆ ತುಂಬಿ ವಿದ್ಯುತ್ತು ಹೆಚ್ಚುತ್ತದೆ ಎಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಮ್ಯಾನ್‌ಹಾರ್ಟ್ ಅವರ ತಂಡ ತೋರಿಸಿತು. ಆದರೆ ಕ್ಯಾಲ್ಸಿಯಂ ಕಣದ ಒಳಗೂ ಹೋದರೆ ಅತಿವಾಹಕತೆ ಮೂಡುವ ತಾಪವೇ ಇಳಿಯುತ್ತದೆ. ಹೀಗಾಗಿ ಟೇಪು ತಯಾರಕರು ಮುಖ್ಯವಾಗಿ ಹಿಡಿದ ದಾರಿ ಬೇರೆ: ಗಡಿಗಳು ಇದ್ದರೆ ಇರಲಿ, ಓರೆ ಮಾತ್ರ ಬೇಡ.

ಕಿಲೋಮೀಟರ್ ಉದ್ದದ ಲೋಹದ ಹಾಳೆಯ ಮೇಲೆ ಕೋಟ್ಯಂತರ ಹರಳುಕಣಗಳನ್ನು ಎರಡು ಮೂರು ಡಿಗ್ರಿಯೊಳಗಿನ ಶಿಸ್ತಿನಲ್ಲಿ ಕೂರಿಸುವುದಕ್ಕೆ ಎರಡು ಪ್ರಸಿದ್ಧ ಉಪಾಯಗಳಿವೆ, ಕೊಳ್ಳುವವರು ತಮ್ಮದು ಯಾವುದೆಂದು ತಿಳಿದುಕೊಳ್ಳಲೇಬೇಕು. ಒಂದು ಐಬ್ಯಾಡ್. ಜಪಾನಿನ ಫುಜಿಕುರಾ ಕಂಪನಿಯ ಇಜಿಮಾ ಮತ್ತು ಸಂಗಡಿಗರು 1991ರ ಹೊತ್ತಿಗೆ ಬೆಳಕಿಗೆ ತಂದ ಈ ವಿಧಾನದಲ್ಲಿ, ಬಫರ್ ಪದರ ಬೆಳೆಯುತ್ತಿರುವಾಗಲೇ ಅದರ ಮೇಲೆ ಓರೆಯಾಗಿ ಅಯಾನುಗಳ ಧಾರೆಯನ್ನು ಬಿಡುತ್ತಾರೆ. ಧಾರೆಗೆ ಹೊಂದುವ ದಿಕ್ಕಿನ ಹರಳುಗಳು ಉಳಿಯುತ್ತವೆ, ಹೊಂದದವು ಕೊಚ್ಚಿಹೋಗುತ್ತವೆ. ಮೆಗ್ನೀಸಿಯಂ ಆಕ್ಸೈಡಿನಲ್ಲಿ ಈ ಶಿಸ್ತು ಹತ್ತು ನ್ಯಾನೋಮೀಟರ್ ಆಸುಪಾಸಿನ ದಪ್ಪದಲ್ಲೇ ಮೂಡುವುದರಿಂದ ಉತ್ಪಾದನೆಯ ವೇಗ ಹೆಚ್ಚಿತು. ಇನ್ನೊಂದು ರ‍್ಯಾಬಿಟ್ಸ್, 1996ರಲ್ಲಿ ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಅಮಿತ್ ಗೋಯಲ್ ಮತ್ತು ಸಂಗಡಿಗರು ಪ್ರಕಟಿಸಿದ್ದು. ಇದರಲ್ಲಿ ನಿಕಲ್ ಹಾಳೆಯನ್ನೇ ಚೆನ್ನಾಗಿ ರೋಲ್ ಮಾಡಿ, ಕಾಯಿಸಿ, ಲೋಹದ ಕಣಗಳನ್ನೇ ಸಾಲಾಗಿ ನಿಲ್ಲಿಸುತ್ತಾರೆ. ಮೇಲಿನ ಪದರಗಳು ಆ ಸಾಲನ್ನು ಅನುಸರಿಸಿ ಬೆಳೆಯುತ್ತವೆ.

ಬಳಸುವವರ ಮಟ್ಟಿಗೆ ಈ ಎರಡರ ವ್ಯತ್ಯಾಸ ಕಾಣುವುದು ಕಣದ ಗಾತ್ರದಲ್ಲಿ. ರ‍್ಯಾಬಿಟ್ಸ್ ಹಾಳೆಯ ಕಣ ಹಲವು ಹತ್ತು ಮೈಕ್ರೋಮೀಟರ್ ದೊಡ್ಡದು. 40 ಮೈಕ್ರೋಮೀಟರ್ ಎಂದುಕೊಂಡರೆ 4 ಮಿ.ಮೀ. ಅಗಲಕ್ಕೆ ನೂರು ಕಣಗಳು. ಎಲ್ಲೋ ಒಂದು ಗಡಿ 8 ಡಿಗ್ರಿ ಓರೆಯಾಗಿದ್ದರೆ ವಿದ್ಯುತ್ತು ಪಕ್ಕದ ಕಣಗಳನ್ನು ಹಿಡಿದು ಬಳಸಿಕೊಂಡು ಹೋಗುತ್ತದೆ. ಅದೇ ಟೇಪನ್ನು 0.4 ಮಿ.ಮೀ.ನ ಎಳೆಯಾಗಿ ಸೀಳಿದರೆ ಅಗಲಕ್ಕೆ ಉಳಿಯುವುದು ಹತ್ತೇ ಕಣ. ಬಳಸು ದಾರಿಗಳು ಕಡಿಮೆಯಾಗಿ, ಉದ್ದ ಹೆಚ್ಚಿದಷ್ಟೂ ಎಲ್ಲಾದರೊಂದು ಕಡೆ ದಾರಿ ಕಟ್ಟುವ ಸಂಭವ ಹೆಚ್ಚುತ್ತದೆ. ಐಬ್ಯಾಡ್ ಟೇಪಿನ ಕಣಗಳು ಮೈಕ್ರೋಮೀಟರಿಗಿಂತ ಚಿಕ್ಕವಿರಬಹುದು, ಓರೆಯೂ ಸಾಮಾನ್ಯವಾಗಿ ಕಡಿಮೆ. ಹೀಗಾಗಿ ಕಿರಿದಾಗಿ ಕತ್ತರಿಸಿದರೂ ಈ ಕಾರಣಕ್ಕೆ ಏಟು ತಿನ್ನುವುದು ಅಪರೂಪ. ನಮ್ಮ ವಿದ್ಯಾರ್ಥಿಗಳಿಗೆ ಸೇತುವೆಯ ಆಕಾರದಲ್ಲಿ ಕಿರಿದು ಮಾಡಿ ಕಡಿಮೆ ಆಂಪಿಯರಿನಲ್ಲಿ ಅಳೆಯುವ ಉದ್ದೇಶವೂ ಇದ್ದುದರಿಂದ ನಾವು ಐಬ್ಯಾಡ್ ಟೇಪನ್ನೇ ಆರಿಸಿದೆವು. ಸಣ್ಣ ಪ್ರಯೋಗಾಲಯಗಳಿಗೆ ನನ್ನ ಶಿಫಾರಸೂ ಅದೇ.

ಇನ್ನು ಮಾರಾಟಗಾರರ ವಿಷಯ. ಟೇಪು ವಿದೇಶದ್ದು, ಬಂದದ್ದು ಒಬ್ಬ ವಿತರಕರ ಮೂಲಕ. ಮೀಟರಿಗೆ ಸಾವಿರಗಳ ಲೆಕ್ಕದ ಬೆಲೆ, ಅದರ ಮೇಲೆ ಸುಂಕ ಮತ್ತು ಕನಿಷ್ಠ ಪ್ರಮಾಣದ ಕಟ್ಟುಪಾಡು. ತಯಾರಕರು ಟೇಪನ್ನು ಸುರುಳಿಯಿಂದ ಸುರುಳಿಗೆ ಓಡಿಸುತ್ತ, ಕಾಂತಸಂವೇದಕದಿಂದ ಉದ್ದಕ್ಕೂ ಅದರ ಸಾಮರ್ಥ್ಯವನ್ನು ದಾಖಲಿಸಿಕೊಳ್ಳುವುದು ಈ ಉದ್ಯಮದಲ್ಲಿ ಸಾಮಾನ್ಯ ಪದ್ಧತಿ. ನಮ್ಮ ತುಂಡು ಯಾವ ಸುರುಳಿಯ ಯಾವ ಭಾಗದ್ದು, ಆ ನಕ್ಷೆಯಲ್ಲಿ ಅಲ್ಲಿ ಎಷ್ಟಿತ್ತು ಎಂದು ಕೇಳಿದ್ದಕ್ಕೆ ವಿತರಕರಿಂದ ಬಂದದ್ದು ಮೊದಲೇ ನಮ್ಮ ಬಳಿ ಇದ್ದ ಒಂದು ಪುಟದ ಕರಪತ್ರ. ಅದರಲ್ಲಿದ್ದದ್ದು ಸರಾಸರಿ. ಭದ್ರಾ ನಾಲೆಯಲ್ಲಿ ಸರಾಸರಿ ಎಷ್ಟು ಕ್ಯೂಸೆಕ್ ಹರಿಯಿತೆಂಬ ಲೆಕ್ಕ ಅಚ್ಚುಕಟ್ಟಿನ ಕೊನೆಯ ಭಾಗದ ರೈತನಿಗೆ ಎಷ್ಟು ಪ್ರಯೋಜನವೋ, ಟೇಪು ಕೊಳ್ಳುವವನಿಗೆ ಈ ಸರಾಸರಿಯೂ ಅಷ್ಟೇ: ಇಡೀ ಉದ್ದ ಒಂದೇ ಸರಣಿಯಲ್ಲಿ ಇರುವುದರಿಂದ, ಅತಿ ದುರ್ಬಲವಾದ ಜಾಗ ಎಷ್ಟು ಬಿಡುತ್ತದೋ ಅಷ್ಟೇ ಉಳಿದೆಡೆಯೂ ಹರಿಯುವುದು. ಸುತ್ತಿ ಕಳಿಸಿದ ರೀತಿಯೂ ಸಮಾಧಾನ ತರುವಂತಿರಲಿಲ್ಲ. ಅಗಲವಾದ ಸುರುಳಿಯಲ್ಲಿ ಬರಬೇಕಾದದ್ದು ಅಂಗೈಯಗಲದ ಪ್ಲಾಸ್ಟಿಕ್ ಚೀಲದಲ್ಲಿ ಬಂತು.

ದ್ರವ ಸಾರಜನಕ ಸಿಗುತ್ತದೋ ಇಲ್ಲವೋ ಎಂದು ನಮ್ಮ ಕಡೆಯವರು ಅಂಜಬೇಕಾಗಿಲ್ಲ. ಜಾನುವಾರುಗಳ ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿಗಳನ್ನು ಇಡುವುದು ಇದರಲ್ಲೇ ಆದ್ದರಿಂದ, ಅದನ್ನು ತುಂಬಿಸಿ ಸಾಗಿಸುವ ಕ್ಯಾನುಗಳು ಜಿಲ್ಲೆಯ ಮೂಲೆಮೂಲೆಗೂ ಓಡಾಡುತ್ತವೆ. ಕ್ಯಾನು ತುಂಬಿಸುವ ಸರದಿಯಲ್ಲಿ ನಮ್ಮ ಮುಂದೆ ನಿಂತಿದ್ದ ಹಿರಿಯರೊಬ್ಬರು, "ಏನ್ರೀ ಸರ್, ನಿಮ್ ಕಾಲೇಜಾಗೆ ಎಮ್ಮೆ ಇಲ್ಲ ದನ ಇಲ್ಲ, ನೈಟ್ರೋಜನ್ ಯಾಕ್ರೀ ನಿಮಗೆ?" ಎಂದು ಕೇಳಿದ್ದುಂಟು. ಕರೆಂಟು ಹರಿಸುವುದಕ್ಕೆ ಎಂದಾಗ ಅವರು ನಂಬಿದಂತೆ ಕಾಣಲಿಲ್ಲ.

ಅಳತೆಯ ವಿಧಾನವನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ಟೇಪಿನ ಯೋಗ್ಯತೆ ತಿಳಿಯುವುದು ಅದರಿಂದಲೇ. ಗಾಜುನಾರಿನ ಎಪಾಕ್ಸಿ ಹಲಗೆಯ ಮೇಲೆ ಟೇಪನ್ನು ನೇರವಾಗಿ ಮಲಗಿಸಿ, ಎರಡು ತುದಿಗೂ ಉದ್ದನೆಯ ತಾಮ್ರದ ದಿಮ್ಮಿಗಳನ್ನು ಬೆಸೆದು, ನಡುವಿನ ಭಾಗಕ್ಕೆ ಸೆಂಟಿಮೀಟರಿಗೊಂದರಂತೆ ಕೂದಲೆಳೆಯ ತಂತಿಗಳನ್ನು ಅಂಟಿಸಿ, ಇಡಿಯಾಗಿ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಮುಳುಗಿಸುತ್ತೇವೆ. ವಿದ್ಯುತ್ತನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ, ಪ್ರತಿ ಸೆಂಟಿಮೀಟರಿನಲ್ಲಿ 1 ಮೈಕ್ರೋವೋಲ್ಟ್ ಕಾಣಿಸಿಕೊಂಡ ಘಟ್ಟವನ್ನು ಆ ಭಾಗದ ಕ್ರಾಂತಿಕ ಪ್ರವಾಹ ಎಂದು ಬರೆದುಕೊಳ್ಳುವುದು ಜಗತ್ತಿನ ಎಲ್ಲ ಕಡೆಯ ರೂಢಿ. ಬೆಸುಗೆಯ ಬಿಂದುಗಳಲ್ಲಿ ತಾಪವ್ಯತ್ಯಾಸದಿಂದ ಹುಟ್ಟುವ ಸುಳ್ಳು ವೋಲ್ಟೇಜೂ ಮೈಕ್ರೋವೋಲ್ಟ್ ಲೆಕ್ಕದ್ದೇ ಆದ್ದರಿಂದ, ವಿದ್ಯುತ್ತಿನ ದಿಕ್ಕನ್ನು ತಿರುಗಿಸಿ ಎರಡು ಬಾರಿ ಅಳೆದು ಕಳೆಯದಿದ್ದರೆ ಸಿಕ್ಕಿದ ಸಂಖ್ಯೆಗೆ ಅರ್ಥವಿಲ್ಲ. ಎಲೆಕ್ಟ್ರೋಪ್ಲೇಟಿಂಗ್ ಕಾರ್ಖಾನೆಗಳ ರೆಕ್ಟಿಫೈಯರ್ ಎರವಲು ತಂದರೆ ಆಂಪಿಯರೇನೋ ಧಾರಾಳವಾಗಿ ಸಿಗುತ್ತದೆ, ಆದರೆ ಅದರ ಏರಿಳಿತದ ಗದ್ದಲದಲ್ಲಿ ಮೈಕ್ರೋವೋಲ್ಟ್ ಕಳೆದುಹೋಗುತ್ತದೆ, ಸ್ಥಿರವಾದ ಡಿ.ಸಿ. ಮೂಲವೇ ಬೇಕು.

ನಮ್ಮ ತುಂಡು ಕರಪತ್ರದ ಕನಿಷ್ಠ ಮಿತಿಯನ್ನು ಎಲ್ಲ ಭಾಗಗಳಲ್ಲೂ ದಾಟಿತು. ಆದರೆ ದಾವಣಗೆರೆಯಲ್ಲಿ ಅಳೆಯುವವರು ಇದರಲ್ಲಿ ಸ್ವಲ್ಪ ಪಾಲನ್ನು ಊರಿಗೇ ಕೊಡಬೇಕು. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವ ನಮ್ಮಲ್ಲಿ ಗಾಳಿಯ ಒತ್ತಡ ಕಡಿಮೆ. ದ್ರವ ಸಾರಜನಕ ಕುದಿಯುವುದು 77.4ರ ಬದಲು 76.8 ಕೆಲ್ವಿನ್ ಸುಮಾರಿಗೆ. ಅತಿವಾಹಕತೆ ಮೂಡುವ ತಾಪದಿಂದ ನಾವು ಕೇವಲ 15 ಕೆಲ್ವಿನ್ ಕೆಳಗಿರುವುದರಿಂದ ಅರ್ಧ ಕೆಲ್ವಿನ್ನಿಗೂ ಬೆಲೆಯಿದೆ: ಕ್ರಾಂತಿಕ ಪ್ರವಾಹ ಶೇಕಡಾ ಮೂರು ನಾಲ್ಕರಷ್ಟು ಹೆಚ್ಚಾಗಿಯೇ ಕಾಣುತ್ತದೆ. ಕರಾವಳಿಯ ಕಾಲೇಜಿನವರು ಇದೇ ಟೇಪನ್ನು ಅಳೆದು ಕಡಿಮೆ ಬಂತೆಂದು ಬೇಸರಪಡಬಾರದು.

ಹೆಚ್ಚು ಕುತೂಹಲ ಹುಟ್ಟಿಸಿದ್ದು ಭಾಗ ಭಾಗಗಳ ನಡುವಿನ ವ್ಯತ್ಯಾಸ. ನಡುವಿನ ಒಂದು ಸೆಂಟಿಮೀಟರ್ ಮಾತ್ರ ಅಕ್ಕಪಕ್ಕದವುಗಳಿಗಿಂತ ಮೊದಲೇ ವೋಲ್ಟೇಜ್ ತೋರಿಸತೊಡಗಿತು. ಇದು ಕಣಗಡಿಗಳ ಓರೆಯೋ, ಸಾಗಣೆಯಲ್ಲಿ ಬಿದ್ದ ಬಿರುಕೋ ಎಂಬುದನ್ನು ವಕ್ರರೇಖೆಯ ಆಕಾರವೇ ಹೇಳುತ್ತದೆ. ಬಿರುಕಾಗಿದ್ದರೆ ವಿದ್ಯುತ್ತು ಆ ಜಾಗದಲ್ಲಿ ತಾಮ್ರಕ್ಕೆ ಇಳಿದು ಮತ್ತೆ ಮೇಲೇರಬೇಕು. ಆಗ ಕಡಿಮೆ ಆಂಪಿಯರಿನಿಂದಲೇ ಓಮ್‌ನ ನಿಯಮದಂತೆ ನೇರಗೆರೆಯ ವೋಲ್ಟೇಜ್ ಏರುತ್ತದೆ. ನಮ್ಮದರಲ್ಲಿ ಹಾಗಾಗಲಿಲ್ಲ. ಬಹಳ ಹೊತ್ತು ಸೊನ್ನೆಯಲ್ಲೇ ಇದ್ದು, ಆಮೇಲೆ ಬಾಗಿ ಏರಿತು, ಆದರೆ ಅಕ್ಕಪಕ್ಕದವುಗಳಷ್ಟು ಕಡಿದಾಗಿ ಏರಲಿಲ್ಲ. ಏರಿಕೆ ಎಷ್ಟು ಕಡಿದು ಎಂಬುದನ್ನು ಘಾತಾಂಕದಲ್ಲಿ, ಅಂದರೆ ವೋಲ್ಟೇಜ್ ವಿದ್ಯುತ್ತಿನ ಎಷ್ಟನೆಯ ಘಾತದಂತೆ ಏರುತ್ತದೆ ಎಂಬ ಸಂಖ್ಯೆಯಲ್ಲಿ ಹೇಳುತ್ತಾರೆ. ಒಳ್ಳೆಯ ಟೇಪಿಗೆ ಅದು 20ರಿಂದ 40ರೊಳಗೆ ಇರುತ್ತದೆ. ಘಾತಾಂಕ 30 ಇದ್ದರೆ ವಿದ್ಯುತ್ತನ್ನು ಶೇಕಡಾ 10 ಏರಿಸಿದಾಗ ವೋಲ್ಟೇಜ್ 17 ಪಟ್ಟು ಹೆಚ್ಚುತ್ತದೆ. 15 ಇದ್ದರೆ ಬರೀ ನಾಲ್ಕು ಪಟ್ಟು. ಕಡಿಮೆ ಘಾತಾಂಕವೆಂದರೆ ಆ ಭಾಗದೊಳಗೆ ಕೆಲವು ಗಡಿಗಳು ಮೊದಲೇ ಸೋಲೊಪ್ಪಿ, ಇನ್ನು ಕೆಲವು ತಡವಾಗಿ ಸೋಲುತ್ತ, ಎಲ್ಲವೂ ಒಟ್ಟಿಗೆ ಕೈಬಿಡುತ್ತಿಲ್ಲ ಎಂದರ್ಥ. ಆ ಭಾಗದಲ್ಲಿ ಪದರದ ದಪ್ಪವೋ ರಚನೆಯೋ ಸ್ವಲ್ಪ ಏರುಪೇರಾಗಿದ್ದರೂ ಹೀಗೆಯೇ ಕಾಣಬಹುದು. ಅರ್ಧ ಮೈಕ್ರೋಮೀಟರಿನ ಕಣಗಳ ಲೆಕ್ಕದಲ್ಲಿ ಒಂದು ಸೆಂಟಿಮೀಟರಿಗೆ ಇಪ್ಪತ್ತು ಸಾವಿರ ಗಡಿಗಳು ಸಾಲಾಗಿ ನಿಂತಿರುವಾಗ, ಹೊರಗಿನಿಂದ ಅಂಟಿಸಿದ ಎರಡು ತಂತಿಗಳು ತಪ್ಪಿತಸ್ಥ ಗಡಿಯನ್ನು ಬೊಟ್ಟು ಮಾಡಿ ತೋರಿಸಲಾರವು. ಅದಕ್ಕೆ ಎಕ್ಸ್‌ರೇ ಅಥವಾ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಓರೆಕೋನ ನಕ್ಷೆ ಬೇಕು, ಇಲ್ಲವೇ ಬೆಳಕಿನಿಂದ ಕಾಂತಕ್ಷೇತ್ರವನ್ನು ಚಿತ್ರಿಸುವ ಉಪಕರಣ ಬೇಕು. ವಿದ್ಯಾರ್ಥಿಗಳಿಗೆ ಇಷ್ಟು ಅರ್ಥವಾಗಲು ನಮ್ಮ ಥರ್ಮೋಕೋಲ್ ಪೆಟ್ಟಿಗೆ ಸಾಕಾಯಿತು ಎಂಬುದೇ ಟೇಪಿನ ಪರವಾಗಿ ನಾನು ಹೇಳಬಹುದಾದ ದೊಡ್ಡ ಮಾತು. ತೇಲಿಸುವ ಬಿಲ್ಲೆಯ ಕಿಟ್ಟುಗಳನ್ನು ಬಹಳ ಕಾಲೇಜುಗಳು ಕೊಂಡಿವೆ. ನೋಡಿ ಬೆರಗಾಗುವುದಕ್ಕೆ ಅವು ಚೆನ್ನ, ಅಳೆದು ಕಲಿಯುವುದಕ್ಕೆ ಅಲ್ಲ.

ಬಾಳಿಕೆಯ ವಿಚಾರದಲ್ಲಿ ಮೂರು ಎಚ್ಚರಿಕೆಗಳು. ಬಗ್ಗಿಸುವಾಗ ಅತಿವಾಹಕ ಪದರ ಒಳಬದಿಗೆ ಬರುವಂತೆ ನೋಡಿಕೊಳ್ಳಬೇಕು. ಒತ್ತಡವನ್ನು ಅದು ಎಳೆತಕ್ಕಿಂತ ಚೆನ್ನಾಗಿ ತಾಳುತ್ತದೆ. ಪದರವು ಟೇಪಿನ ನಡುಗೆರೆಯಿಂದ 25 ಮೈಕ್ರೋಮೀಟರ್ ದೂರದಲ್ಲಿದೆ ಎಂದು ಹಿಡಿದರೆ, ಅದನ್ನು ಹೊರಬದಿಗಿಟ್ಟು 30 ಮಿ.ಮೀ. ವ್ಯಾಸಕ್ಕೆ ಬಗ್ಗಿಸಿದಾಗ ಅದರ ಮೇಲೆ ಬೀಳುವ ಹಿಗ್ಗು ಶೇಕಡಾ 0.17, 10 ಮಿ.ಮೀ.ಗೆ ಬಗ್ಗಿಸಿದರೆ ಶೇಕಡಾ 0.5. ಎರಡನೆಯದು ಮತ್ತೆ ಸರಿಹೋಗದ ಹಾನಿಯ ಹೊಸ್ತಿಲು. ಬೆಸುಗೆಗೆ 138 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ಬಿಸ್ಮತ್-ತವರದ ಸೀಸರಹಿತ ಬೆಸುಗೆ ಒಳ್ಳೆಯದು. ರೇಡಿಯೋ ರಿಪೇರಿಗೆ ಬಳಸುವ ಕಾಯಿಗಡ್ಡಿಯನ್ನು 350 ಡಿಗ್ರಿಯಲ್ಲಿ ಇಟ್ಟು ತಡೆದು ತಡೆದು ಬೆಸೆದರೆ ಪದರದಿಂದ ಆಮ್ಲಜನಕ ಹೊರಬೀಳುತ್ತದೆ, ಅದು ಮೊದಲು ಖಾಲಿ ಮಾಡುವುದೂ ಗಡಿಗಳನ್ನೇ. ಮೇಲ್ಮುಖವಾಗಿ ಎಳೆದರೆ ಪದರಗಳು ಸಿಪ್ಪೆಯಂತೆ ಬಿಟ್ಟುಕೊಳ್ಳುವುದು ಈ ಟೇಪುಗಳ ಜನ್ಮದೋಷ. ಅಂಟಿಸಿದ ತಂತಿಯನ್ನು ಕೀಳುವ ಬದಲು ಕತ್ತರಿಸುವುದು ಲೇಸು.

ಕಾಂತಕ್ಷೇತ್ರದ ಬಗ್ಗೆ ಒಂದು ಮಾತು ಸೇರಿಸಬೇಕು, ಏಕೆಂದರೆ ಕರಪತ್ರದ ಸಂಖ್ಯೆಗಳನ್ನು ಓದುವಾಗ ಇದು ಗೊತ್ತಿರದಿದ್ದರೆ ದಾರಿ ತಪ್ಪುತ್ತದೆ. ಕ್ಷೇತ್ರ ಕಡಿಮೆಯಿರುವಾಗ ಟೇಪನ್ನು ತಡೆಯುವುದು ಕಣಗಡಿಗಳು. ಕ್ಷೇತ್ರ ಕೆಲವು ಟೆಸ್ಲಾ (ಕಾಂತಕ್ಷೇತ್ರದ ಅಳತೆಮಾನ) ಮುಟ್ಟಿದ ಮೇಲೆ ಕಣದ ಒಳಗೇ ಕಾಂತಸುಳಿಗಳು ಜಾರತೊಡಗಿ, ಗಡಿಗಳು ನೆಪ ಮಾತ್ರಕ್ಕೆ ಉಳಿಯುತ್ತವೆ. 2021ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ಮತ್ತು ಕಾಮನ್‌ವೆಲ್ತ್ ಫ್ಯೂಷನ್ ಸಿಸ್ಟಮ್ಸ್ ಕಂಪನಿ ಸೇರಿ ಇಂಥ ಟೇಪುಗಳಿಂದಲೇ 20 ಟೆಸ್ಲಾದ ದೊಡ್ಡ ಸುರುಳಿಯನ್ನು ಪರೀಕ್ಷಿಸಿದಾಗ, ಅಲ್ಲಿ ಅತಿ ಕಡಿಮೆ ತಾಪದಲ್ಲಿ ಸುಳಿಗಳನ್ನು ಹಿಡಿದು ನಿಲ್ಲಿಸುವ ಗುಣವೇ ಮುಖ್ಯವಾಗಿತ್ತು. ನಾವು 77 ಕೆಲ್ವಿನ್ನಿನಲ್ಲಿ, ಹೊರಗಿನ ಕ್ಷೇತ್ರವಿಲ್ಲದೆ ಅಳೆಯುವುದು ಬೇರೆ ಪರೀಕ್ಷೆ. ಆ ಟೇಪು ಇಲ್ಲಿ ಸಾಧಾರಣವಾಗಿ ಕಂಡೀತು, ಇಲ್ಲಿ ಮಿಂಚಿದ ಟೇಪು ಅಲ್ಲಿ ಮಂಕಾದೀತು. ಚಿತ್ರದುರ್ಗದ ಜೋಗಿಮಟ್ಟಿಯ ಕಡೆಯ ಗಾಳಿಯಂತ್ರಗಳನ್ನು ದಿನವೂ ನೋಡುವ ನಮ್ಮ ವಿದ್ಯಾರ್ಥಿಗಳಿಗೆ ಹೆಚ್ಚು ಹತ್ತಿರವಾದ ಉದಾಹರಣೆ ಡೆನ್ಮಾರ್ಕಿನ ಥೈಬೊರಾನ್‌ನದು: 2018ರಲ್ಲಿ ಇಕೋಸ್ವಿಂಗ್ ಯೋಜನೆಯವರು ಅಲ್ಲಿ 3.6 ಮೆಗಾವ್ಯಾಟ್ ಗಾಳಿಯಂತ್ರದಲ್ಲಿ ಅತಿವಾಹಕ ಟೇಪಿನ ಜನರೇಟರ್ ಕೂರಿಸಿದರು. ಅಂಥ ಸುರುಳಿಗೆ ಟೇಪು ಹೋಗುವುದು ಕಿಲೋಮೀಟರ್ ಲೆಕ್ಕದಲ್ಲಿ. ನಡುವೆ ಒಂದು ಸೆಂಟಿಮೀಟರ್ ಸೋತರೂ ಇಡೀ ಸುರುಳಿಗೆ ಕಂಟಕ.

ಟೇಪಿಗೆ ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ, ವಿತರಣೆಗೆ ಎರಡು. ಸ್ನಾತಕೋತ್ತರ ವಿಭಾಗವಿರುವ, 200 ಆಂಪಿಯರಿನ ಸ್ಥಿರ ಮೂಲವನ್ನೂ ಮೈಕ್ರೋವೋಲ್ಟಿನ ಹತ್ತನೇ ಒಂದು ಭಾಗವನ್ನು ಕಾಣುವ ವೋಲ್ಟ್‌ಮೀಟರನ್ನೂ ಹೊಂದಿಸಬಲ್ಲ ಕಾಲೇಜುಗಳು ಧೈರ್ಯವಾಗಿ ಕೊಳ್ಳಬಹುದು. ಇವೆರಡೂ ಇಲ್ಲದವರು ಮೊದಲು ಅವುಗಳಿಗೆ ಹಣ ಹಾಕಲಿ. ಖರೀದಿ ಆದೇಶದಲ್ಲಿ ಮಾತ್ರ ಕೆಲವು ಷರತ್ತುಗಳನ್ನು ಬರೆದೇ ಕಳಿಸಬೇಕು: ತುಂಡಿನ ಉದ್ದಕ್ಕೂ ಅಳೆದ ಕ್ರಾಂತಿಕ ಪ್ರವಾಹದ ನಕ್ಷೆ ಬೇಕು, ಸರಾಸರಿಯ ಜೊತೆಗೆ ಕನಿಷ್ಠವನ್ನೂ ಘಾತಾಂಕವನ್ನೂ ನಮೂದಿಸಬೇಕು, ಐಬ್ಯಾಡೋ ರ‍್ಯಾಬಿಟ್ಸೋ, ಸಮತಲದಲ್ಲಿ ಕಣಗಳ ಓರೆಯ ಹರವು ಎಷ್ಟು ಡಿಗ್ರಿ ಎಂಬುದನ್ನು ತಿಳಿಸಬೇಕು, ಸಾಗಣೆಯಲ್ಲಿ ಸುರುಳಿಯ ವ್ಯಾಸ 100 ಮಿ.ಮೀ.ಗಿಂತ ಕಡಿಮೆಯಿರಬಾರದು. ತಯಾರಕರ ಬಳಿ ಈ ಮಾಹಿತಿ ಬಹುಮಟ್ಟಿಗೆ ಇದ್ದೇ ಇರುತ್ತದೆ, ಕೇಳದವರಿಗೆ ಕೊಡುವುದಿಲ್ಲ ಅಷ್ಟೇ. ಟೇಪು ಬಂದ ಮೇಲೆ, ಪ್ರತಿ ಪ್ರಯೋಗ ಮುಗಿದಾಗಲೂ ಸಾರಜನಕದಿಂದ ಹೊರತೆಗೆದ ಕೂಡಲೇ ಅದರ ಮೇಲೆ ಕಟ್ಟುವ ಇಬ್ಬನಿಯನ್ನು ಕೂದಲು ಒಣಗಿಸುವ ಯಂತ್ರದ ತಣ್ಣನೆಯ ಗಾಳಿಯಲ್ಲಿ ಆರಿಸಿ, ಸಿಲಿಕಾ ಜೆಲ್ ಇಟ್ಟ ಡಬ್ಬಿಯಲ್ಲಿ ಮುಚ್ಚಿಡಬೇಕು. ಕತ್ತರಿಸಿದ ಅಂಚಿಗೆ ತಾಮ್ರದ ರಕ್ಷಣೆ ಇರುವುದಿಲ್ಲ, ಮಳೆಗಾಲದ ತೇವ ಒಳಹೊಗುವುದು ಅಲ್ಲಿಂದಲೇ.